ವಕ್ರದಂತವೂ ವಯಸ್ಸಿನ ಗಡಿಯೂ

ನಮ್ಮ ವರ್ಣಮಾಲೆಯಲ್ಲಿ ಹಲ್ಲಿನ ಪಾಲು ಎಷ್ಟೆಂಬುದು ಹಲ್ಲು ನೆಟ್ಟಗಿರುವವರೆಗೆ ಯಾರಿಗೂ ನೆನಪಾಗುವುದಿಲ್ಲ. ತ, ಥ, ದ, ಧ, ನ, ಲ, ಸ ಇವು ದಂತ್ಯಗಳು; ವಕಾರ ದಂತೋಷ್ಠ್ಯ. ಮೂವತ್ತು ವರ್ಷ ದೊಡ್ಡಬಳ್ಳಾಪುರದ ಮಕ್ಕಳಿಗೆ ಈ ಪಾಠವನ್ನು ಹೇಳಿಕೊಟ್ಟ ನನಗೆ ಅದರ ಅರ್ಥ ತಿಳಿದದ್ದು ನಿವೃತ್ತನಾದ ಮೇಲೆ. ಒಂದು ದಿನ ಮನೆಯಲ್ಲಿ ಗಟ್ಟಿಯಾಗಿ ಓದುತ್ತಿದ್ದಾಗ ‘ಸರಸ್ವತಿ’ ಎಂಬ ಒಂದೇ ಮಾತಿನಲ್ಲಿ ಎರಡು ಸಲ ಸಿಳ್ಳು ಬಂತು. ಕನ್ನಡಿಯಲ್ಲಿ ನೋಡಿಕೊಂಡೆ. ಮೇಲಿನ ಮುಂಬಲ್ಲೊಂದು ಸಾಲು ಬಿಟ್ಟು ಮುಂದಕ್ಕೆ ಬಂದಿತ್ತು. ಅದರ ಪಕ್ಕದಲ್ಲಿ ಹಿಂದೆಂದೂ ಇಲ್ಲದ ಒಂದು ಸಂದು. ಕೆಳಗಿನ ನಾಲ್ಕು ಹಲ್ಲುಗಳು ಸಂತೆಯ ದಿನದ ಬಸ್ಸಿನಲ್ಲಿ ನಿಂತ ಜನರಂತೆ ಒಂದರ ಹೆಗಲಿಗೊಂದು ಒತ್ತಿಕೊಂಡಿದ್ದವು. ಈ ಭಾಷಣದಲ್ಲಿ ಸಕಾರ ಬಂದಲ್ಲೆಲ್ಲ ಶ್ರೋತೃಗಳು ಸ್ವಲ್ಪ ಸೈರಿಸಿಕೊಳ್ಳಬೇಕೆಂದು ಮೊದಲೇ ಬೇಡಿಕೊಳ್ಳುತ್ತೇನೆ.

ಒಸಡಿನಲ್ಲಿ ರಕ್ತ ಬರುತ್ತಿದೆಯೆಂದು ತೋರಿಸಲು ಹೋಗಿದ್ದೆ. ದಂತವೈದ್ಯೆ ಪರೀಕ್ಷೆ ಮುಗಿಸಿ, ಕೈಗವಸು ತೆಗೆಯುತ್ತ, “ಬೇಕಾದರೆ ಈ ಹಲ್ಲುಗಳನ್ನು ಸಾಲಿಗೆ ತರಬಹುದು” ಎಂದರು. ನಾನು ನಕ್ಕು, “ನನಗೆ ಅರವತ್ತಮೂರು” ಎಂದೆ. “ವಯಸ್ಸನ್ನು ಚೀಟಿಯಲ್ಲೇ ನೋಡಿದ್ದೇನೆ. ಮೊದಲು ಒಸಡು ಗುಣವಾಗಬೇಕು. ಅದು ಆದರೆ ವಯಸ್ಸು ಅಡ್ಡಿಯಲ್ಲ” ಎಂದರು ಅವರು.

ಈ ಮಾತು ನನ್ನನ್ನು ನಲವತ್ತೈದು ವರ್ಷ ಹಿಂದಕ್ಕೆ ಕರೆದೊಯ್ದಿತು. 1980ರಲ್ಲಿ ನನಗೆ ಹದಿನೆಂಟು, ಅಕ್ಕನಿಗೆ ಇಪ್ಪತ್ತೆರಡು. ನಮ್ಮದು ಎರಡು ಮಗ್ಗದ ಮನೆ. ಅಕ್ಕನ ಮೇಲುಸಾಲು ಉಬ್ಬಿತ್ತು. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು, ಕಾಫಿ ಕುಡಿದು, ಊರಿಗೆ ಹೋಗಿ ಕಾಗದ ಬರೆಯುತ್ತೇವೆಂದು ಹೇಳಿ ಹೋಗುತ್ತಿದ್ದರು, ಕಾಗದ ಬರುತ್ತಿರಲಿಲ್ಲ. ಮೂರನೆಯ ಸಲವೂ ಹೀಗೇ ಆದಾಗ ತಂದೆಯವರು ಒಂದು ದಿನದ ನೇಯ್ಗೆ ಬಿಟ್ಟು ನಮ್ಮಿಬ್ಬರನ್ನೂ ಬಸ್ಸು ಹತ್ತಿಸಿ, ನಲವತ್ತು ಕಿಲೋಮೀಟರು ದೂರದ ಬೆಂಗಳೂರಿಗೆ ಕರೆದುಕೊಂಡು ಹೋದರು. ಅಲ್ಲಿ ಒಬ್ಬ ದಂತವೈದ್ಯರು ಇಬ್ಬರ ಬಾಯನ್ನೂ ನೋಡಿ, “ಹನ್ನೆರಡು ವರ್ಷಕ್ಕೆ ಬರಬೇಕಿತ್ತು. ಈಗ ವಯಸ್ಸು ಮೀರಿತು” ಎಂದರು. ಹಿಂದಿರುಗುವಾಗ ತಂದೆಯವರು ಬಸ್ಸಿನಲ್ಲಿ ಆಡಿದ್ದು ಒಂದೇ ಮಾತು: “ಗಂಡಸಿನ ಹಲ್ಲು ಯಾರು ನೋಡುತ್ತಾರೆ?” ಆ ಮಾತು ನನಗೆ ಸಮಾಧಾನವೆಂದು ಆಡಿದ್ದು. ಕಿಟಕಿಯ ಪಕ್ಕದಲ್ಲಿದ್ದ ಅಕ್ಕನಿಗೆ ಅದರಲ್ಲಿ ಏನೂ ಇರಲಿಲ್ಲ.

ಹದಿನೆಂಟಕ್ಕೆ ಮೀರಿದ್ದ ವಯಸ್ಸು ಅರವತ್ತಮೂರಕ್ಕೆ ಮೀರಿಲ್ಲವೆಂದರೆ ಏನರ್ಥ? ಮನುಷ್ಯನ ದವಡೆಯ ಮೂಳೆ ಈ ನಲವತ್ತೈದು ವರ್ಷಗಳಲ್ಲಿ ಬದಲಾಗಿಲ್ಲ. ಹಾಗಾದರೆ ಬದಲಾದದ್ದು ಯಾವುದು? ಇದನ್ನು ತಿಳಿಯಲು ಹೊರಟ ನನಗೆ ಕಂಡದ್ದು, ಹಲ್ಲನ್ನು ಸಾಲಿಗೆ ತರುವ ವಿದ್ಯೆಯ ಇತಿಹಾಸವು ಅರ್ಧಕ್ಕರ್ಧ ಒಂದು ವಯಸ್ಸಿನ ಗಡಿಯ ಇತಿಹಾಸವೆಂಬುದು. ಆ ಗಡಿ ಹೇಗೆ ಹುಟ್ಟಿತು, ಯಾಕೆ ನಿಂತಿತು, ಹೇಗೆ ಕುಸಿಯಿತು ಎಂಬುದನ್ನು ಇಂದು ನಿಮ್ಮ ಮುಂದೆ ಇಡುತ್ತೇನೆ.

ಸೊಟ್ಟ ಹಲ್ಲು ಹೊಸ ಕಾಲದ ಸಂಕಟವಲ್ಲ. ಕೃಷ್ಣನಿಂದ ಹತನಾದ ಕರೂಷದ ಅರಸನ ಹೆಸರೇ ದಂತವಕ್ರ. ಅವನ ಪರಾಕ್ರಮವನ್ನು ಮರೆತವರೂ ಆ ಹೆಸರಿನಿಂದ ಅವನ ಬಾಯನ್ನು ನೆನೆಯಬಲ್ಲರು. ವಾಗ್ಭಟನ ಅಷ್ಟಾಂಗಹೃದಯದ ಉತ್ತರಸ್ಥಾನದಲ್ಲಿ ದಂತರೋಗಗಳ ಎಣಿಕೆಯಿದೆ. ಅಲ್ಲಿ ಹುಳುಕುಹಲ್ಲು, ಅಲುಗುವ ಹಲ್ಲುಗಳ ಜೊತೆಗೆ ‘ಕರಾಲ’ವೆಂಬುದೂ ‘ಅಧಿದಂತ’ವೆಂಬುದೂ ಬರುತ್ತವೆ. ಕರಾಲವೆಂದರೆ ವಿಕಟವಾಗಿ, ಸಾಲು ತಪ್ಪಿ ನಿಂತ ಹಲ್ಲು. ಅಧಿದಂತವೆಂದರೆ ಹೆಚ್ಚಿಗೆ ಹುಟ್ಟಿದ ಹಲ್ಲು. ಹೆಚ್ಚಿನ ಹಲ್ಲಿಗೆ ಶಾಸ್ತ್ರದಲ್ಲಿ ಉಪಾಯ ಉಂಟು: ಕಿತ್ತು, ಆ ಜಾಗವನ್ನು ಸುಡುವುದು. ಆದರೆ ಕರಾಲಕ್ಕೆ ಉಪಾಯವಿಲ್ಲ. ವಾಯುವು ಹಲ್ಲನ್ನು ಆಶ್ರಯಿಸಿ ಮೆಲ್ಲಮೆಲ್ಲಗೆ ಅದನ್ನು ವಿಕಾರಗೊಳಿಸುತ್ತದೆಂದು ವಿವರಿಸುವ ಮಾಧವನಿದಾನವು ಇದನ್ನು ಅಸಾಧ್ಯವೆಂದೇ ತೀರ್ಮಾನಿಸಿದೆ. ‘ಮೆಲ್ಲಮೆಲ್ಲಗೆ’ ಎಂಬ ಗಮನಿಕೆಯನ್ನು ನಾವು ಮೆಚ್ಚಬೇಕು. ಹಲ್ಲು ಮೆಲ್ಲಗೆ ಸರಿಯುತ್ತದೆಂದು ಪ್ರಾಚೀನರು ಕಂಡಿದ್ದರು. ಮೆಲ್ಲಗೆ ಹಿಂದಕ್ಕೂ ಸರಿಸಬಹುದೆಂಬುದು ಮಾತ್ರ ಅವರಿಗೆ ಹೊಳೆದಿರಲಿಲ್ಲ.

ಮುಖವನ್ನು ತಿದ್ದುವುದು ಅವರಿಗೆ ತಿಳಿಯದ ವಿದ್ಯೆಯೇನೂ ಅಲ್ಲ. ಕತ್ತರಿಸಿಹೋದ ಮೂಗನ್ನು ಚರ್ಮದಿಂದ ಮತ್ತೆ ಕಟ್ಟುವ ಕ್ರಮವನ್ನು ಸುಶ್ರುತನೇ ಹೇಳಿದ್ದಾನೆ. ಈ ವಿದ್ಯೆ ಪಾಶ್ಚಾತ್ಯರ ಕಣ್ಣಿಗೆ ಬಿದ್ದ ಕಥೆ ನಮ್ಮ ಸೀಮೆಯ ಯುದ್ಧಕ್ಕೆ ಸೇರಿದ್ದು. ಟಿಪ್ಪು ಹುಟ್ಟಿದ ದೇವನಹಳ್ಳಿಯ ಕೋಟೆ 1791ರಲ್ಲಿ ಕಾರ್ನ್‌ವಾಲಿಸನ ಸೇನೆಗೆ ಸೋತಿತು. ಆ ಮೂರನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೇನೆಗೆ ಎತ್ತಿನ ಬಂಡಿ ಹೊಡೆಯುತ್ತಿದ್ದ ಕಾವಸಜಿ ಎಂಬವನು ಸೆರೆಸಿಕ್ಕು, ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಮುಂದೆ ಪುಣೆಯ ಬಳಿ ಇಟ್ಟಿಗೆ ಮಾಡುವ ಕುಲದ ಒಬ್ಬ ಶಸ್ತ್ರಕುಶಲ ಅವನ ಹಣೆಯ ಚರ್ಮದಿಂದ ಹೊಸ ಮೂಗನ್ನು ಕಟ್ಟಿಕೊಟ್ಟ. ಈ ವೃತ್ತಾಂತ 1794ರಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜೀನ್ ಪತ್ರಿಕೆಯಲ್ಲಿ ಚಿತ್ರಸಹಿತ ಅಚ್ಚಾಯಿತು. ಅದನ್ನು ಓದಿದ ಕಾರ್ಪ್ಯೂ ಎಂಬ ಶಸ್ತ್ರವೈದ್ಯ ಅದೇ ಕ್ರಮವನ್ನು ಇಂಗ್ಲೆಂಡಿನಲ್ಲಿ ನಡೆಸಿ 1816ರಲ್ಲಿ ಪುಸ್ತಕ ಬರೆದ. ಕಾವಸಜಿಯ ಮೂಗಿನ ಆಸೆಯನ್ನು ಅಂದು ಯಾರೂ ಶೋಕಿ ಎನ್ನಲಿಲ್ಲವೆಂಬುದನ್ನು ನೆನಪಿಡೋಣ. ಮುಖ ಮನುಷ್ಯನ ಮಾನ ಎಂಬುದು ಎಲ್ಲರಿಗೂ ಗೊತ್ತಿತ್ತು.

ಮೂಗು ಸಾಧ್ಯವಾಗಿ ಹಲ್ಲು ಅಸಾಧ್ಯವಾದದ್ದು ಏಕೆ? ಮೂಗು ಚರ್ಮದ ಕೆಲಸ. ಕೈಚಳಕವಿದ್ದವನು ಒಂದೇ ಬಾರಿಗೆ ಮುಗಿಸಬಲ್ಲ. ಹಲ್ಲು ಮೂಳೆಯ ಕೆಲಸ. ಅಲ್ಲಿ ಬೇಕಾದದ್ದು ಚಳಕವಲ್ಲ, ತಿಂಗಳುಗಟ್ಟಲೆ ಬಿಡದೆ ಒತ್ತುವ ಒಂದು ಅಲ್ಪವಾದ ಬಲ. ಅಂಥ ಬಲವನ್ನು ಕೊಡಬಲ್ಲ ತಂತಿ ಆ ಕಾಲದಲ್ಲಿ ಎಲ್ಲಿಯೂ ಇರಲಿಲ್ಲ.

ಹಲ್ಲು ಸಾಲು ತಪ್ಪುವುದೇಕೆಂಬ ಪ್ರಶ್ನೆಗೂ ನಮ್ಮ ಸೀಮೆಯ ಊಟಕ್ಕೂ ಒಂದು ಸ್ವಾರಸ್ಯದ ಸಂಬಂಧವಿದೆ. ಅಡಿಲೇಡಿನ ರೇಮಂಡ್ ಬೆಗ್ ಎಂಬ ತಜ್ಞ ಆಸ್ಟ್ರೇಲಿಯದ ಆದಿವಾಸಿಗಳ ತಲೆಬುರುಡೆಗಳನ್ನು ಪರಿಶೀಲಿಸಿ, ಒರಟು ಆಹಾರದಿಂದ ಅವರ ಹಲ್ಲುಗಳ ಅಕ್ಕಪಕ್ಕಗಳು ಸವೆದು ಸಾಲಿನಲ್ಲಿ ತೆರಪು ಉಂಟಾಗುತ್ತಿತ್ತೆಂದೂ, ಮೆತ್ತನೆಯ ಆಹಾರದ ನಮಗೆ ಸವೆತವಿಲ್ಲದೆ ಇಕ್ಕಟ್ಟು ಉಳಿಯುತ್ತದೆಂದೂ 1954ರಲ್ಲಿ ವಾದಿಸಿದ. 1980ರ ದಶಕದಲ್ಲಿ ಮಾನವಶಾಸ್ತ್ರಜ್ಞ ರಾಬರ್ಟ್ ಕೊರುಚಿನಿ ಉತ್ತರ ಭಾರತದ ಚಂಡೀಗಢದ ಸುತ್ತ ಪರೀಕ್ಷಿಸಿದಾಗ ಹಳ್ಳಿಯ ಹುಡುಗರ ಹಲ್ಲಿನ ಸಾಲು ಪಟ್ಟಣದವರದಕ್ಕಿಂತ ನೆಟ್ಟಗೆ ಕಂಡಿತು. ಗಟ್ಟಿ ಆಹಾರವನ್ನು ಅಗಿದು ಬೆಳೆದ ದವಡೆ ಅಗಲವಾಗುತ್ತದೆಂಬುದು ಅವನ ಅಭಿಪ್ರಾಯ. ನಮ್ಮ ಕಡೆ ಈ ಸಿದ್ಧಾಂತಕ್ಕೆ ರಾಗಿಮುದ್ದೆ ಅಡ್ಡ ಬರುತ್ತದೆ. ನೆಲಮಂಗಲದಿಂದ ಹೊಸಕೋಟೆಯವರೆಗೆ ಯಾವ ಮನೆಯಲ್ಲಿ ಕೇಳಿದರೂ ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂದೇ ಹೇಳುತ್ತಾರೆ. ದವಡೆಗೆ ವ್ಯಾಯಾಮ ಸಿಗುತ್ತಿದ್ದುದು ಹುರಿಗಾಳಿನಿಂದ, ಕಬ್ಬಿನಿಂದ, ಸೀಬೆಕಾಯಿಯಿಂದ. ಮುದ್ದೆಗೆ ಇನ್ನೊಂದು ಗುಣವೂ ಇತ್ತು: ಹಲ್ಲು ಬಿದ್ದುಹೋದ ಮುದುಕರೂ ಅದನ್ನು ಸಾರಿನಲ್ಲಿ ಅದ್ದಿ ಹೊಟ್ಟೆತುಂಬ ಉಣ್ಣಬಹುದಿತ್ತು. ಆದ್ದರಿಂದ ನಮ್ಮ ಸೀಮೆಯಲ್ಲಿ ಮುಪ್ಪಿನಲ್ಲಿ ಹಲ್ಲು ಹೋದರೆ ಊಟ ಹೋಗುತ್ತಿರಲಿಲ್ಲ. ಹೋಗುತ್ತಿದ್ದುದು ಮಾತು ಮತ್ತು ಮುಖ. ಅವುಗಳ ಲೆಕ್ಕವನ್ನು ಯಾರೂ ಇಡಲಿಲ್ಲ.

ಆ ಕಾಲದಲ್ಲಿ ಹಲ್ಲಿನ ಆರೈಕೆಯೆಂದರೆ ಬೇವಿನ ಕಡ್ಡಿ, ಇದ್ದಿಲು, ಬೂದಿ. ಬಿ.ವಿ. ಪಂಡಿತರು 1913ರಲ್ಲಿ ನಂಜನಗೂಡಿನಲ್ಲಿ ಸದ್ವೈದ್ಯಶಾಲೆಯನ್ನು ಸ್ಥಾಪಿಸಿದ ಮೇಲೆ ಅಲ್ಲಿಯ ಹಲ್ಲುಪುಡಿ ನಮ್ಮ ಬಚ್ಚಲುಮನೆಗಳಿಗೂ ಬಂತು. ಹಲ್ಲುನೋವಿನ ಚಿಕಿತ್ಸೆಯೆಂದರೆ ಕೀಳುವುದು. ಪಟ್ಟಣಕ್ಕೆ ಹೋದವರಿಗೆ ಬೆಂಗಳೂರಿನಲ್ಲಿ ಚೀನೀ ಮೂಲದ ದಂತವೈದ್ಯರು ಸಿಗುತ್ತಿದ್ದರು. ಅಷ್ಟು ಹಣವಿಲ್ಲದವರಿಗೆ ಬಸ್ ನಿಲ್ದಾಣದ ಬಳಿ ಕಾಲುದಾರಿಯ ಮೇಲೆ ಬಟ್ಟೆ ಹಾಸಿ ಕಟ್ಟುಹಲ್ಲು ಕೂರಿಸುವವರು. ದಂತವೈದ್ಯವನ್ನು ಶಾಸ್ತ್ರವಾಗಿ ಕಲಿಸುವ ಭಾರತದ ಮೊದಲ ಕಾಲೇಜನ್ನು ಡಾ. ರಫಿಯುದ್ದೀನ್ ಅಹಮದರು ಕಲ್ಕತ್ತೆಯಲ್ಲಿ 1920ರಲ್ಲಿ ತೆರೆದರು. 1948ರ ದಂತವೈದ್ಯರ ಅಧಿನಿಯಮ ಬಂದಾಗ ಪದವೀಧರರಿಗೆ ವಹಿಯ ಒಂದು ಭಾಗವನ್ನೂ, ಪದವಿಯಿಲ್ಲದೆ ಬಹುಕಾಲದಿಂದ ವೃತ್ತಿ ನಡೆಸುತ್ತಿದ್ದವರಿಗೆ ಇನ್ನೊಂದು ಭಾಗವನ್ನೂ ಮಾಡಬೇಕಾಯಿತು. ನಮ್ಮ ರಾಜ್ಯದಲ್ಲಿ ಸರ್ಕಾರಿ ದಂತವೈದ್ಯ ಕಾಲೇಜು 1958ರಲ್ಲಿ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಆರಂಭವಾಯಿತು. ಮಣಿಪಾಲದ ಕಾಲೇಜು 1965ರಲ್ಲಿ, ದಾವಣಗೆರೆಯ ಬಾಪೂಜಿ ಕಾಲೇಜು 1979ರಲ್ಲಿ. ನಾವು ಬಸ್ಸು ಹತ್ತಿದ 1980ರಲ್ಲಿ ಈ ವಿದ್ಯೆಗೆ ನಮ್ಮ ರಾಜ್ಯದಲ್ಲಿ ಇನ್ನೂ ಇಪ್ಪತ್ತೆರಡು ವರ್ಷ. ಸರಿಯಾಗಿ ಅಕ್ಕನ ವಯಸ್ಸು.

ಇನ್ನು ಹಲ್ಲನ್ನು ಸರಿಸುವ ವಿದ್ಯೆಗೆ ಬರೋಣ. ಮೊದಲ ಶತಮಾನದ ರೋಮಿನ ಸೆಲ್ಸಸ್, ಹಾಲುಹಲ್ಲು ಬೀಳುವ ಮೊದಲೇ ಅದರ ಹಿಂದೆ ಹೊಸ ಹಲ್ಲು ಹುಟ್ಟಿದರೆ ಹಳೆಯದನ್ನು ಕಿತ್ತು, ಹೊಸದನ್ನು ದಿನವೂ ಬೆರಳಿನಿಂದ ಒತ್ತುತ್ತ ಸ್ಥಾನಕ್ಕೆ ತರಬೇಕೆಂದು ಬರೆದ. ಈ ವಿದ್ಯೆಯ ಮೊದಲ ಉಪಕರಣ ತಾಯಿಯ ಬೆರಳು ಎನ್ನಬಹುದು. 1728ರಲ್ಲಿ ಪ್ಯಾರಿಸ್ಸಿನ ಪಿಯೆರ್ ಫೋಶಾರ್ ದಂತವೈದ್ಯದ ದೊಡ್ಡ ಗ್ರಂಥವನ್ನು ಪ್ರಕಟಿಸಿದ. ಅವನು ಕುದುರೆಲಾಳದ ಆಕಾರದ ಲೋಹದ ಪಟ್ಟಿಯನ್ನು ಹಲ್ಲುಸಾಲಿಗೆ ಒಡ್ಡಿ, ಸೊಟ್ಟ ಹಲ್ಲುಗಳನ್ನು ದಾರದಿಂದ ಅದಕ್ಕೆ ಬಿಗಿದು ಎಳೆಯುತ್ತಿದ್ದ. ಆ ದಾರ ರೇಷ್ಮೆಯದು ಎಂದು ಓದಿದಾಗ, ರೇಷ್ಮೆಯ ಎಳೆಗಳ ನಡುವೆಯೇ ಬೆಳೆದ ನನಗೆ ಒಂದು ಬಗೆಯ ಹೆಮ್ಮೆಯಾಯಿತು.

ಮುಂದಿನ ಶತಮಾನದಲ್ಲಿ ಈ ವಿದ್ಯೆ ಅಮೆರಿಕದಲ್ಲಿ ಬೆಳೆಯಿತು. 1880ರಲ್ಲಿ ನ್ಯೂಯಾರ್ಕಿನ ನಾರ್ಮನ್ ಕಿಂಗ್ಸ್ಲಿ ಬರೆದ ಪುಸ್ತಕದಲ್ಲಿ ಹಲ್ಲನ್ನು ಸರಿಸುವುದಕ್ಕೆ ವಯಸ್ಸಿನ ಮಿತಿ ಇಲ್ಲವೆನ್ನಬಹುದಾದಷ್ಟು ಉದಾರವಾದ ಅಭಿಪ್ರಾಯವಿದೆ. ಗಡಿ ಆಗ ಇನ್ನೂ ಹುಟ್ಟಿರಲಿಲ್ಲ. 1899ರಲ್ಲಿ ಎಡ್ವರ್ಡ್ ಆಂಗಲ್ ಸೊಟ್ಟ ಹಲ್ಲುಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿದ; ಅವನ ವರ್ಗೀಕರಣವನ್ನು ಇಂದಿಗೂ ಕಲಿಸುತ್ತಾರೆ. ಅವನ ಶಾಲೆಯಿಂದ ಇದು ಪ್ರತ್ಯೇಕ ಶಾಸ್ತ್ರವಾಗಿ, ಪ್ರತ್ಯೇಕ ವೃತ್ತಿಯಾಗಿ ನಿಂತಿತು. ವೃತ್ತಿ ನಿಂತ ಕೂಡಲೆ ಗಡಿಯೂ ಬಂತು. 1901ರಲ್ಲಿ ಮ್ಯಾಕ್‌ಡವೆಲ್ ಎಂಬ ತಜ್ಞ, ಹದಿನಾರು ವರ್ಷ ಕಳೆದ ಮೇಲೆ ಪೂರ್ಣವೂ ಸ್ಥಿರವೂ ಆದ ಬದಲಾವಣೆ ಹೆಚ್ಚುಕಡಿಮೆ ಅಸಾಧ್ಯವೆಂದ. 1912ರಲ್ಲಿ ಲಿಷರ್ ಎಂಬವನು ಆರರಿಂದ ಹದಿನಾಲ್ಕರವರೆಗಿನ ವಯಸ್ಸೇ ಚಿಕಿತ್ಸೆಯ ಸುವರ್ಣಕಾಲವೆಂದ. ಮಾಧವನಿದಾನದ ‘ಅಸಾಧ್ಯ’ವನ್ನು ದಾಟಿ ಬಂದ ವಿದ್ಯೆ, ಮೂವತ್ತು ವರ್ಷಗಳೊಳಗೆ ತನ್ನದೇ ಒಂದು ‘ಅಸಾಧ್ಯ’ವನ್ನು ಕಟ್ಟಿಕೊಂಡಿತು.

ಈ ಗಡಿ ಬರಿಯ ಮೌಢ್ಯವೆಂದು ತಳ್ಳಿಹಾಕುವಂತಿಲ್ಲ. ಬೆಳೆಯುವ ಮಗುವಿನ ದವಡೆಯನ್ನು ಬೆಳೆಯುವಾಗಲೇ ತಿದ್ದಬಹುದು; ಬೆಳೆದು ನಿಂತ ಮೇಲೆ ಹಲ್ಲನ್ನು ಸರಿಸಬಹುದೇ ಹೊರತು ದವಡೆಯನ್ನು ಬೆಳೆಸಲಾಗದು. ಇದು ಇಂದಿಗೂ ನಿಜ. ದವಡೆಗಳೇ ಬಹಳ ಹೊಂದದಿದ್ದರೆ ಪ್ರೌಢರಿಗೆ ಶಸ್ತ್ರಚಿಕಿತ್ಸೆಯೇ ಬೇಕು. ಆದರೆ ಹಲ್ಲು ಸರಿಯುವ ಸೂತ್ರವೇ ಬೇರೆ. ಸ್ವೀಡನ್ನಿನ ಕಾರ್ಲ್ ಸ್ಯಾಂಡ್‌ಸ್ಟೆಟ್ 1904ರಲ್ಲಿ ನಾಯಿಗಳ ಮೇಲೆ ಪ್ರಯೋಗ ಮಾಡಿ ಅದನ್ನು ತೋರಿಸಿದ. ಹಲ್ಲು ಮೂಳೆಯಲ್ಲಿ ಗೂಟದಂತೆ ನಾಟಿಕೊಂಡಿಲ್ಲ. ನಡುವೆ ನಾರಿನಂಥ ಒಂದು ತೆಳು ಪೊರೆಯಿದೆ. ಒತ್ತಿದ ಕಡೆಯ ಮೂಳೆ ಕರಗುತ್ತದೆ, ಎಳೆದ ಕಡೆ ಹೊಸ ಮೂಳೆ ತುಂಬುತ್ತದೆ. ಹಲ್ಲು ತಿಂಗಳಿಗೆ ಸುಮಾರು ಒಂದು ಮಿಲಿಮೀಟರು ನಡೆಯುತ್ತದೆ. ಬಲ ಹೆಚ್ಚಾದರೆ ಪೊರೆಯ ರಕ್ತ ನಿಂತು, ಹಲ್ಲು ನಡೆಯುವ ಬದಲು ನಿಲ್ಲುತ್ತದೆ. ಒತ್ತಡವು ಸೂಕ್ಷ್ಮರಕ್ತನಾಳಗಳ ಒತ್ತಡವನ್ನು, ಎಂದರೆ ಚದರ ಸೆಂಟಿಮೀಟರಿಗೆ 20ರಿಂದ 26 ಗ್ರಾಮನ್ನು ಮೀರಬಾರದೆಂದು ಷ್ವಾರ್ಟ್ಸ್ 1932ರಲ್ಲಿ ಲೆಕ್ಕ ಹೇಳಿದ. ನಮ್ಮ ಊರಿನ ನೇಕಾರನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಸು ಸಡಿಲವಾದರೆ ಬಟ್ಟೆ ಕೆಡುತ್ತದೆ. ಬಿಗಿ ಹೆಚ್ಚಾದರೆ ಎಳೆ ಹರಿಯುತ್ತದೆ. ಇಷ್ಟರಲ್ಲಿ ಹದಿನಾರರ ಮಾತು ಎಲ್ಲಿ ಬಂತು? ಮೂಳೆ ಕರಗುವುದೂ ತುಂಬುವುದೂ ಸಾಯುವವರೆಗೆ ನಡೆಯುವ ಕೆಲಸ. ಪ್ರೌಢರಲ್ಲಿ ಅದು ಆರಂಭವಾಗುವುದು ತುಸು ನಿಧಾನ, ಅಷ್ಟೆ.

ಹೀಗೆ ಶರೀರದಲ್ಲಿಲ್ಲದ ಗಡಿ ಅಷ್ಟು ಕಾಲ ನಿಂತದ್ದು ಉಪಕರಣದಿಂದ, ಹಣದಿಂದ, ರೂಢಿಯಿಂದ. ಆಗ ಪ್ರತಿಯೊಂದು ಹಲ್ಲಿಗೂ ಲೋಹದ ಉಂಗುರವನ್ನು ಅಳತೆಗೆ ಮಾಡಿ ತೊಡಿಸಬೇಕಾಗಿತ್ತು. ಬಾಯಿ ತೆರೆದರೆ ಉಕ್ಕಿನ ಬೇಲಿ. ಶಾಲೆಯ ಹುಡುಗ ಅದನ್ನು ಸಹಿಸಬಹುದು. ಕಚೇರಿಯಲ್ಲಿ ಕೂರುವವರು, ಮದುವೆಗೆ ನಿಂತವರು ಎರಡು ವರ್ಷ ಹೇಗೆ ಸಹಿಸಿಯಾರು? ನಮ್ಮ ದೇಶದ ತಜ್ಞರು ತಮ್ಮ ಸಂಘವನ್ನು ಕಟ್ಟಿಕೊಂಡದ್ದೇ 1965ರಲ್ಲಿ. ಅಡಿಲೇಡಿನ ಬೆಗ್ ರೂಪಿಸಿದ ಹಗುರ ತಂತಿಯ ಕ್ರಮ ಇಲ್ಲಿ ಬಹುಕಾಲ ನಡೆಯಿತು. ಆದರೆ ತಜ್ಞರು ಇದ್ದುದು ದೊಡ್ಡ ಪಟ್ಟಣಗಳಲ್ಲಿ, ಬೆರಳೆಣಿಕೆಯಷ್ಟು ಜನ. ದೊಡ್ಡಬಳ್ಳಾಪುರದ ನೇಕಾರನ ಮಕ್ಕಳು ಎರಡು ವರ್ಷ ತಿಂಗಳು ತಿಂಗಳೂ ಬೆಂಗಳೂರಿಗೆ ಹೋಗಿ ಬರುವುದೆಂದರೆ ಅಷ್ಟು ದಿನಗಳ ನೇಯ್ಗೆ ನಿಂತಂತೆ. ಅಂದು ನಮ್ಮ ಬಾಯಿ ನೋಡಿದವರು ತಂದೆಯವರ ಚಪ್ಪಲಿಯನ್ನೂ ನೋಡಿದ್ದರೆಂದು ಈಗ ನನಗೆ ತೋರುತ್ತದೆ. ‘ವಯಸ್ಸು ಮೀರಿತು’ ಎಂಬುದು ಸುಳ್ಳೂ ಅಲ್ಲದ, ಕ್ರೌರ್ಯವೂ ಅಲ್ಲದ ಮಾತು. ಅವರ ಕುರ್ಚಿಯ ಹಿಂದೆ ಎಂಬತ್ತು ವರ್ಷಗಳ ಒಂದು ಅಭ್ಯಾಸ ನಿಂತು ಮಾತನಾಡುತ್ತಿತ್ತು.

ನಾವು ಬಸ್ಸಿನಲ್ಲಿ ಮನೆಗೆ ಹಿಂದಿರುಗುತ್ತಿದ್ದ ಆ ದಿನವೇ ಹೊರಗಿನ ಲೋಕದಲ್ಲಿ ಆ ಗಡಿ ಬಿರುಕು ಬಿಟ್ಟಾಗಿತ್ತು. 1955ರಲ್ಲಿ ಅಮೆರಿಕದ ಬ್ಯುನೊಕೋರ್, ಹಲ್ಲಿನ ಎನಾಮಲನ್ನು ಫಾಸ್ಫಾರಿಕ್ ಆಮ್ಲದಿಂದ ಸ್ವಲ್ಪ ಒರಟುಗೊಳಿಸಿದರೆ ಅಂಟು ಅದಕ್ಕೆ ಭದ್ರವಾಗಿ ಹತ್ತುತ್ತದೆಂದು ಕಂಡುಹಿಡಿದ. ಹತ್ತು ವರ್ಷಗಳ ತರುವಾಯ, 1965ರಲ್ಲಿ, ನ್ಯೂಮನ್ ಎಂಬವನು ತಂತಿ ಹಿಡಿಯುವ ಕೊಂಡಿಯನ್ನು ನೇರವಾಗಿ ಹಲ್ಲಿಗೆ ಅಂಟಿಸುವ ದಾರಿ ತೋರಿಸಿದ. ಉಂಗುರಗಳ ಬೇಲಿ ಕರಗಿ ಹಲ್ಲಿಗೊಂದು ಬೊಟ್ಟು ಉಳಿಯಿತು. ಅಮೆರಿಕದ ನೌಕಾಸೇನೆಯ ಶಸ್ತ್ರ ಪ್ರಯೋಗಾಲಯದಲ್ಲಿ ಬ್ಯೂಲರ್ ರೂಪಿಸಿದ ನಿಕ್ಕಲ್ ಮತ್ತು ಟೈಟೇನಿಯಂ ಮಿಶ್ರಲೋಹ, ಬಗ್ಗಿಸಿದರೂ ತನ್ನ ಮೊದಲ ಆಕಾರವನ್ನು ನೆನಪಿಟ್ಟುಕೊಂಡು ಮರಳುತ್ತದೆ. ‘ನಿಟಿನಾಲ್’ ಎಂಬ ಆ ಲೋಹದ ತಂತಿಯನ್ನು ಐಯೋವದ ಆಂಡ್ರಿಯಾಸೆನ್ 1970ರ ದಶಕದಲ್ಲಿ ಹಲ್ಲಿಗೆ ತಂದ. ಬಿಡದೆ ಒತ್ತುವ ಆ ಅಲ್ಪವಾದ ಬಲ, ಯಾವುದಕ್ಕಾಗಿ ಈ ವಿದ್ಯೆ ಇಷ್ಟು ಕಾಲ ಕಾದಿತ್ತೋ ಅದು, ಕಡೆಗೆ ಒಂದು ತಂತಿಯಲ್ಲಿ ಸಿಕ್ಕಿತು. ಅದೇ ದಶಕದಲ್ಲಿ ಜಪಾನಿನ ಫುಜಿತ, ಮಲ್ಲವಿದ್ಯೆಯವರ ತುಟಿ ಹರಿಯದಿರಲೆಂದು, ಕೊಂಡಿಗಳನ್ನು ಹಲ್ಲಿನ ಒಳಮೈಗೆ ಅಂಟಿಸಿದ. 1997ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕಲಿತ ಇಬ್ಬರು ಅಲೈನ್ ಎಂಬ ಕಂಪನಿಯನ್ನು ಹೂಡಿ, ತಂತಿಯಿಲ್ಲದೆ, ಒಂದಾದ ಮೇಲೊಂದರಂತೆ ತೊಡುವ ಪಾರದರ್ಶಕ ಅಚ್ಚುಗಳನ್ನು ಹೊರತಂದರು. ಅವರಲ್ಲಿ ಒಬ್ಬನು ಸ್ವತಃ ಪ್ರೌಢವಯಸ್ಸಿನಲ್ಲಿ ತಂತಿ ಹಾಕಿಸಿಕೊಂಡು ಕಷ್ಟಪಟ್ಟವನು. ಗಡಿಯ ಆಚೆ ನಿಂತವನೇ ಅದನ್ನು ದಾಟುವ ಒಂದು ದಾರಿಯನ್ನೂ ಮಾಡಿದ ಎನ್ನಬೇಕು.

ಈ ನಡುವೆ ನಮ್ಮ ಸೀಮೆಯೂ ಬೇರೆಯಾಯಿತು. 1986ರಲ್ಲಿ ಬೆಂಗಳೂರು ಜಿಲ್ಲೆಯಿಂದ ಗ್ರಾಮಾಂತರ ಜಿಲ್ಲೆ ಒಡೆದು ನಿಂತಿತು. 2008ರಲ್ಲಿ ದೇವನಹಳ್ಳಿಯ ಹೊಲಗಳ ಮೇಲೆ ವಿಮಾನಗಳು ಇಳಿದವು. ಹೆದ್ದಾರಿಯ ಜೊತೆಗೆ ದಂತ ಚಿಕಿತ್ಸಾಲಯಗಳೂ ತಾಲ್ಲೂಕು ಪಟ್ಟಣಗಳಿಗೆ ಬಂದವು. ತಂದೆಯವರು ಒಂದು ದಿನದ ನೇಯ್ಗೆ ಬಿಟ್ಟು ಹುಡುಕಿಕೊಂಡು ಹೋದ ವಿದ್ಯೆ ಈಗ ನಮ್ಮ ಊರಿನ ಪೇಟೆಯಲ್ಲಿ ಮಹಡಿಯ ಮೇಲಿದೆ.

ಹಾಗಾದರೆ ವಯಸ್ಸಿಗೆ ಬೆಲೆಯೇ ಇಲ್ಲವೆ? ಉಂಟು. ನನ್ನ ಹಲ್ಲು ಮುಂದಕ್ಕೆ ಬಂದದ್ದೇಕೆಂದು ವೈದ್ಯೆ ತಿಳಿಸಿಕೊಟ್ಟರು. ಒಸಡಿನ ರೋಗದಿಂದ ಬುಡದ ಮೂಳೆ ತಗ್ಗಿದಾಗ ಹಲ್ಲು ನೆಲೆ ತಪ್ಪಿ, ನಾಲಗೆ ತುಟಿಗಳ ಒತ್ತಡಕ್ಕೆ ಸಿಕ್ಕಿ ತೇಲುತ್ತದೆ. ಆ ರೋಗವಿರುವಾಗಲೇ ತಂತಿ ಹಾಕಿದರೆ ಉಳಿದ ಮೂಳೆಯೂ ಹೋಗಬಹುದು. ರೋಗ ಅಡಗಿದ ಮೇಲಾದರೆ, ಮೂಳೆ ತಗ್ಗಿದ್ದರೂ, ಹಗುರ ಬಲದಿಂದ ಸರಿಸಬಹುದು. ಮಧುಮೇಹ ಹತೋಟಿಯಲ್ಲಿರಬೇಕು. ಎಲೆಯಡಿಕೆ, ಹೊಗೆಸೊಪ್ಪು ಬಿಡಬೇಕು. ಮೂಳೆ ಸವೆತಕ್ಕೆ ಕೊಡುವ ಬಿಸ್ಫಾಸ್ಫೊನೇಟ್ ಜಾತಿಯ ಔಷಧಿಯನ್ನು ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಬೇಕು, ಏಕೆಂದರೆ ಹಲ್ಲು ನಡೆಯಲು ಮೂಳೆ ಕರಗಬೇಕು, ಆ ಔಷಧಿಯ ಕೆಲಸ ಕರಗುವುದನ್ನು ತಡೆಯುವುದು. ಬೇರಿನ ತುದಿ ಸ್ವಲ್ಪ ಸವೆಯಬಹುದು. ಎಲ್ಲ ಮುಗಿದ ಮೇಲೂ ಹಲ್ಲು ಹಳೆಯ ಜಾಗವನ್ನು ಹುಡುಕುತ್ತದೆ. ಆದ್ದರಿಂದ ಹಿಡಿದಿಡುವ ತಂತಿಯನ್ನೋ ಅಚ್ಚನ್ನೋ ಇರುವಷ್ಟು ಕಾಲ ಇಟ್ಟುಕೊಳ್ಳಬೇಕು. ಕೆಳಗಿನ ಮುಂಬಲ್ಲುಗಳು ವಯಸ್ಸಾದಂತೆ ಇಕ್ಕಟ್ಟಾಗುವುದು ನೆಟ್ಟಗಿದ್ದವರಿಗೂ ತಪ್ಪಿದ್ದಲ್ಲ. ಪರೀಕ್ಷೆಯಿಲ್ಲದೆ, ಕ್ಷಕಿರಣದ ಚಿತ್ರವಿಲ್ಲದೆ, ಅಂಚೆಯಲ್ಲಿ ತರಿಸಿ ತೊಡುವ ಅಚ್ಚುಗಳ ಗೊಡವೆ ನಮ್ಮ ವಯಸ್ಸಿನವರಿಗೆ ಬೇಡ. ಈ ಎಲ್ಲದರಲ್ಲಿ ಅರವತ್ತಮೂರು ಎಂಬ ಅಂಕಿ ಎಲ್ಲಿಯೂ ಬರಲಿಲ್ಲವೆಂಬುದನ್ನು ಶ್ರೋತೃಗಳು ಗಮನಿಸಬೇಕು. ವೈದ್ಯರು ಕೇಳುವುದು ಒಸಡಿನ ಸ್ಥಿತಿಯನ್ನು, ಹುಟ್ಟಿದ ತಾರೀಖನ್ನಲ್ಲ.

ಇನ್ನು ಉಳಿದದ್ದು ಊರಿನ ಮಾತು. ಊರು ಹೋಗು ಅನ್ನುತ್ತದೆ, ಕಾಡು ಬಾ ಅನ್ನುತ್ತದೆ; ಈಗ ಹಲ್ಲಿಗೆ ತಂತಿಯೆ? ನಮ್ಮ ವೈರಾಗ್ಯದ ಸಾಹಿತ್ಯದಲ್ಲಿ ಹಲ್ಲುದುರಿದ ಬಾಯಿ ಮುಪ್ಪಿನ ಗುರುತು. ಭಜಗೋವಿಂದದಲ್ಲೂ, ಬಸವಣ್ಣನವರ ವಚನದಲ್ಲೂ ಅದು ಬರುತ್ತದೆ. ಆದರೆ ಅವು ಹಲ್ಲು ಹೋದ ಮುದುಕರನ್ನು ಕಂಡ ಕಾಲದ ಮಾತುಗಳು. ಹಲ್ಲು ಉಳಿದೂ ಸಾಲು ತಪ್ಪಿದ ಮುದುಕನ ಪಾಡನ್ನು ಕುರಿತು ಅವು ಏನನ್ನೂ ಹೇಳುವುದಿಲ್ಲ. ಕಣ್ಣಿಗೆ ಕನ್ನಡಕ ಹಾಕಿದರೆ ಶೋಕಿಯಲ್ಲ, ಬಿದ್ದ ಹಲ್ಲಿಗೆ ಕಟ್ಟುಹಲ್ಲು ಹಾಕಿಸಿದರೆ ಶೋಕಿಯಲ್ಲ. ಇರುವ ಹಲ್ಲನ್ನು ಅದರ ಜಾಗಕ್ಕೆ ತಂದರೆ ಮಾತ್ರ ಶೋಕಿಯೆಂದರೆ ಅದರಲ್ಲಿ ನ್ಯಾಯ ಕಾಣೆ. ಹಣದ ಪ್ರಶ್ನೆ ಬೇರೆ. ಪಿಂಚಣಿಯಲ್ಲಿ ಅಷ್ಟನ್ನು ತೆಗೆದಿಡುವುದು ನನಗೆ ಸುಲಭವಲ್ಲ. ಮೇಲಿನ ಒಂದು ಹಲ್ಲನ್ನು ಹಿಂದಕ್ಕೆ ತಂದು ಸಂದು ಮುಚ್ಚಿದರೆ ನನ್ನ ಸಕಾರಕ್ಕೆ ಸಾಕು, ಕೆಳಸಾಲು ಹಾಗೆಯೇ ಇರಲಿ ಎಂದು ವೈದ್ಯೆಯೊಡನೆ ಮಾತಾಗಿದೆ. ಮೂರು ತಿಂಗಳು ಒಸಡಿನ ಚಿಕಿತ್ಸೆ, ಆಮೇಲೆ ತಂತಿ.

ಇದನ್ನೆಲ್ಲ ಕಳೆದ ತಿಂಗಳು ಅಕ್ಕನ ಮನೆಯಲ್ಲಿ ಹೇಳಿದೆ. ಅವಳು ಇರುವುದು ದೇವನಹಳ್ಳಿ ತಾಲ್ಲೂಕಿನ ವಿಜಯಪುರದಲ್ಲಿ, ರೇಷ್ಮೆ ನೂಲು ತೆಗೆಯುವ ಮನೆಯಲ್ಲಿ. ಅವಳ ಹಲ್ಲು ನೋಡಿಯೂ ಒಪ್ಪಿದ ಭಾವನವರು ಅವಳನ್ನು ಚೆನ್ನಾಗಿ ನೋಡಿಕೊಂಡರು. ಅವರು ತೀರಿಹೋಗಿ ಈಗ ನಾಲ್ಕು ವರ್ಷ. ಅಕ್ಕನಿಗೆ ಅರವತ್ತೇಳು. ಇಂದಿಗೂ ನಗುವಾಗ ಸೆರಗಿನ ತುದಿ ತಾನಾಗಿ ಬಾಯಿಗೆ ಹೋಗುತ್ತದೆ. ಅವಳ ಮದುವೆಯ ಪಟದಲ್ಲೂ ತುಟಿ ಬಿಗಿದಿದೆ, ಮೊಮ್ಮಗನ ನಾಮಕರಣದ ಪಟದಲ್ಲೂ ಬಿಗಿದಿದೆ. ನನ್ನ ಮಾತನ್ನು ಕೇಳಿ ಬಹಳ ಹೊತ್ತು ಸುಮ್ಮನಿದ್ದು, “ಅಂದು ಆಗುವುದಿಲ್ಲ ಎಂದರಲ್ಲ, ಅದು ಸುಳ್ಳೆ?” ಎಂದು ಕೇಳಿದಳು. ಸುಳ್ಳಲ್ಲ, ಅಂದಿಗೆ ಅದು ಅಷ್ಟೇ ನಿಜ ಎಂದೆ. ಆ ಉತ್ತರ ಅವಳಿಗೆ ಸಾಲಲಿಲ್ಲವೆಂಬುದು ನನಗೆ ತಿಳಿಯಿತು. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎನ್ನುತ್ತಾರೆ. ಅವಳಿಗಿನ್ನೂ ಇಪ್ಪತ್ತಾರು ಹಲ್ಲುಗಳಿವೆ; ನಾನು ಎಣಿಸಿಲ್ಲ, ಅವಳೇ ಎಣಿಸಿ ಹೇಳಿದಳು.

ತಂತಿ ಹಾಕಿಸಿಕೊಳ್ಳುತ್ತಾಳೋ ಇಲ್ಲವೋ, ಅದು ಅವಳಿಗೆ ಬಿಟ್ಟದ್ದು. ಈಗಿನ್ನೇಕೆ ಎಂದರೂ ಅದು ಅವಳ ತೀರ್ಮಾನವಾಗಿರುತ್ತದೆ, ಇನ್ನೊಬ್ಬರು ಹೇಳಿ ಕಳಿಸಿದ ಮಾತಾಗಿರುವುದಿಲ್ಲ. ಮುಂದಿನ ಸೋಮವಾರ ನನ್ನ ಒಸಡಿನ ಚಿಕಿತ್ಸೆಗೆ ಹೋಗುವಾಗ ಅವಳೂ ಬರುತ್ತೇನೆಂದಿದ್ದಾಳೆ. ಸುಮ್ಮನೆ ತೋರಿಸಿಕೊಂಡು ಬರುವುದಕ್ಕೆ.